ತಾಲ್ಲೂಕಿನ ವಿದ್ಯುತ್ ಬೇಡಿಕೆಯನ್ನು ಗಣಕದಲ್ಲಿ ಅಂದಾಜಿಸುವುದು: ಲೆಕ್ಕ ಎಲ್ಲಿಂದ ಶುರುವಾಗಬೇಕು?

ಬಯಲುಸೀಮೆ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. 2023ರ ಮುಂಗಾರು ಕೈಕೊಟ್ಟಾಗ ನಮ್ಮ ರಾಜ್ಯದ ವಿದ್ಯುತ್ ಲೆಕ್ಕಾಚಾರ ಹೇಗೆ ತಲೆಕೆಳಗಾಯಿತು ಎಂಬುದು ಇಲ್ಲಿರುವ ಹಲವರಿಗೆ ನೆನಪಿರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ಮಳೆ ಹಿಡಿದು ಪಂಪ್‌ಸೆಟ್‌ಗಳು ನಿಂತಿರುತ್ತವೆ, ಜಲಾಶಯಗಳು ತುಂಬುತ್ತಿರುತ್ತವೆ, ಉಷ್ಣ ಸ್ಥಾವರದ ಘಟಕಗಳನ್ನು ದುರಸ್ತಿಗೆ ನಿಲ್ಲಿಸಲು ಅದೇ ಅನುಕೂಲದ ಕಾಲವೆನಿಸುತ್ತದೆ. ಆ ವರ್ಷ ಮಳೆಯೇ ಬರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಬೆಳೆ ಉಳಿಸಿಕೊಳ್ಳಲು ರೈತರು ಮಳೆಗಾಲದಲ್ಲೇ ಮೋಟಾರು ಚಾಲೂ ಮಾಡಿದರು. ಕೊನೆಗೆ ಸರ್ಕಾರವು ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯದ ಗ್ರಿಡ್‌ಗೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ, ಮುಂದೆ ಹಿಂತಿರುಗಿಸುವ ಕರಾರಿನ ಮೇಲೆ ವಿದ್ಯುತ್ ತರಿಸಿಕೊಳ್ಳುವ ಏರ್ಪಾಡೂ ಆಯಿತು.

ನನ್ನನ್ನು ಕಾಡುವ ಸಂಗತಿಯೆಂದರೆ, ಬೇಡಿಕೆಯ ಆ ಏರಿಕೆಯ ಸುಳಿವು ಕೊಡಬಲ್ಲ ಮಾಹಿತಿಯೆಲ್ಲ ಆಗಲೇ ರಾಜ್ಯದಲ್ಲಿತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆ ಎಂಬುದು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ದಾಖಲಾಗುತ್ತದೆ. ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಹೊರಡುವ ಯಾವ ಲೈನಿನಲ್ಲಿ, ಅಂದರೆ ಫೀಡರ್‌ನಲ್ಲಿ, ಎಷ್ಟು ವಿದ್ಯುತ್ ಹರಿಯಿತು ಎಂಬುದು ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ಬಳಿ ಇದೆ. ಆದರೆ ಕಂದಾಯದ ಗಡಿ, ಮಳೆಯ ಗಡಿ, ಫೀಡರ್‌ನ ಗಡಿ ಮೂರೂ ಬೇರೆ ಬೇರೆಯಾಗಿರುವುದರಿಂದ ಈ ಮಾಹಿತಿಯನ್ನು ಒಂದೇ ನಕ್ಷೆಯ ಮೇಲಿಟ್ಟು ನೋಡುವ ಕೆಲಸ ತಾಲ್ಲೂಕು ಮಟ್ಟದಲ್ಲಿ ನಡೆಯುತ್ತಿರುವುದನ್ನು ನಾನಂತೂ ಕಂಡಿಲ್ಲ.

ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವಿದ್ಯಾರ್ಥಿಗಳೊಂದಿಗೆ ನಮ್ಮ ತಾಲ್ಲೂಕಿನ ಮುಂದಿನ ಹತ್ತು ವರ್ಷಗಳ ವಿದ್ಯುತ್ ಬೇಡಿಕೆಯನ್ನು ಅಂದಾಜಿಸಿ, ಅದರಲ್ಲಿ ಎಷ್ಟನ್ನು ಸ್ಥಳೀಯ ಸೌರ ವಿದ್ಯುತ್‌ನಿಂದಲೂ ಉಳಿತಾಯದಿಂದಲೂ ಪೂರೈಸಬಹುದೆಂದು ತೋರಿಸಬೇಕೆಂಬ ಹಂಬಲವಿದೆ. ಯಾವ ತಂತ್ರಾಂಶದಿಂದ ಆರಂಭಿಸಬೇಕು, ಯಾವ ಅಂಕಿಯನ್ನು ನಂಬಬೇಕು ಎಂಬ ಬಗ್ಗೆ ಅನುಭವಿಗಳು ದಯವಿಟ್ಟು ಬರೆಯಿರಿ.

ನಿವೃತ್ತ ಎಇಇ

ಬಯಲುಸೀಮೆ ಅವರೇ, ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಆಗಿದ್ದವನಾಗಿ, ತಂತ್ರಾಂಶದ ಮಾತಿಗೆ ಬರುವ ಮೊದಲು ಸಬ್‌ಸ್ಟೇಷನ್‌ನ ಲಾಗ್ ಶೀಟ್ ಓದುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿ ಎಂದು ನನ್ನ ಕೋರಿಕೆ. ಪ್ರತಿ 11 ಕೆವಿ ಫೀಡರ್‌ಗೂ ಗಂಟೆಗೊಮ್ಮೆ ಎಷ್ಟು ಆಂಪಿಯರ್ ಹರಿಯಿತು ಎಂದು ಆಪರೇಟರ್ ಅದರಲ್ಲಿ ಬರೆದಿಡುತ್ತಾರೆ. ನೀರಾವರಿ ಫೀಡರ್ ಒಂದರ ಹಾಳೆಯನ್ನು ತೆಗೆದು ನೋಡಿದರೆ ದೀಪಗಳಿಗಷ್ಟೇ ಸಾಲುವ ಸಿಂಗಲ್ ಫೇಸ್ ಇರುವ ಹೊತ್ತಿನಲ್ಲಿ 20, 25 ಎಂದಿದ್ದ ಅಂಕಿ, ಪಂಪು ಓಡಿಸುವ ತ್ರೀ ಫೇಸ್ ಕೊಟ್ಟ ಮರುಗಳಿಗೆ 170, 180ಕ್ಕೆ ಜಿಗಿದಿರುವುದು ಕಾಣುತ್ತದೆ. ಎಲ್ಲ ಸ್ಟಾರ್ಟರ್ ಪೆಟ್ಟಿಗೆಗಳಲ್ಲೂ ಆಟೋ ಸ್ಟಾರ್ಟರ್ ಕೂತಿರುವುದರಿಂದ ಕರೆಂಟ್ ಬಂದ ಕ್ಷಣವೇ ಫೀಡರ್‌ನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುವುದು, ಫ್ಯೂಸ್ ಹಾರುವುದು ಹೆಚ್ಚಾಗಿ ಅದೇ ಹೊತ್ತಿನಲ್ಲಿ. ಈ ಹೊರೆಯನ್ನು ಹಂಚಲೆಂದೇ ಫೀಡರ್‌ಗಳನ್ನು ಗುಂಪು ಮಾಡಿ ಬ್ಯಾಚ್ ಪ್ರಕಾರ ತ್ರೀ ಫೇಸ್ ಕೊಡುತ್ತೇವೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಲಾಗ್ ಶೀಟ್‌ನಲ್ಲಿ ಬರೆದಿರುವುದು ನಾವು ಕೊಟ್ಟ ವಿದ್ಯುತ್ತೇ ಹೊರತು ರೈತರಿಗೆ ಬೇಕಾಗಿದ್ದ ವಿದ್ಯುತ್ತಲ್ಲ. ಏಳು ಗಂಟೆ ಕೊಟ್ಟ ದಿನ ಏಳು ಗಂಟೆಯ ಹೊರೆ ಕಾಣುತ್ತದೆ, ಐದು ಗಂಟೆ ಕೊಟ್ಟ ದಿನ ಐದು ಗಂಟೆಯದು. ಹಳೆಯ ಅಂಕಿಅಂಶಗಳನ್ನೆಲ್ಲ ಗಣಕಕ್ಕೆ ಉಣಿಸಿ, ಅದರಿಂದ ಮುಂದಿನ ವರ್ಷದ ಬೇಡಿಕೆಯನ್ನು ಹೇಳಿಸುವವರು ಅನೇಕ ಸಲ ನಮ್ಮ ಬ್ಯಾಚ್ ಪಟ್ಟಿಯನ್ನೂ ಲೋಡ್ ಶೆಡ್ಡಿಂಗ್ ಅನ್ನೂ ಜನರ ಬೇಡಿಕೆಯೆಂದು ತಿಳಿದುಬಿಡುತ್ತಾರೆ. ಯಾವ ಹೊತ್ತಿನಲ್ಲಿ ಪೂರೈಕೆಯನ್ನು ನಾವೇ ಕಡಿತ ಮಾಡಿದ್ದೆವು ಎಂಬ ವಿವರವನ್ನು ಪ್ರತ್ಯೇಕ ಕಾಲಂನಲ್ಲಿ ದಾಖಲಿಸದ ಹೊರತು ಆ ಅಂಕಿಯಿಂದ ಬೇಡಿಕೆಯನ್ನು ತೆಗೆಯಲಾಗದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ನಮ್ಮ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳದ್ದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಬಹುಪಾಲು ಮೀಟರ್ ಇಲ್ಲ. ಫೀಡರ್‌ನಲ್ಲಿ ಹರಿದ ಒಟ್ಟು ಯೂನಿಟ್‌ಗಳಿಂದ ಲೈನ್ ನಷ್ಟವನ್ನು ಕಳೆದು, ಉಳಿದದ್ದನ್ನು ಪಂಪ್‌ಸೆಟ್‌ಗಳ ಸಂಖ್ಯೆಯಿಂದ ಭಾಗಿಸಿ, ಒಂದು ಪಂಪ್‌ಸೆಟ್ ವರ್ಷಕ್ಕೆ ಇಷ್ಟು ಯೂನಿಟ್ ಬಳಸಿತು ಎನ್ನುತ್ತೇವೆ. ನಷ್ಟವನ್ನು ಕಡಿಮೆ ಹಿಡಿದರೆ ರೈತರ ಬಳಕೆ ತಾನಾಗಿಯೇ ಹಿಗ್ಗುತ್ತದೆ. ಪಂಪ್‌ಸೆಟ್‌ಗಳ ಸಂಖ್ಯೆ ತಪ್ಪಿದ್ದರೂ ಸರಾಸರಿ ಕೆಡುತ್ತದೆ. ಊರಿನ ಮನೆಗಳ ಲೈನನ್ನೂ ತೋಟದ ಲೈನನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಈ ಲೆಕ್ಕಕ್ಕೆ ಮಾಡಿರುವ ಉಪಕಾರ ದೊಡ್ಡದು, ಏಕೆಂದರೆ ಬೇರ್ಪಟ್ಟ ಫೀಡರ್‌ಗಳಲ್ಲಾದರೂ ನೀರಾವರಿಯ ಬಳಕೆಯನ್ನು ಪ್ರತ್ಯೇಕವಾಗಿ ನೋಡಬಹುದು. ನಿಮ್ಮ ಅಧ್ಯಯನಕ್ಕೆ ಅಂಥ ಫೀಡರ್‌ಗಳನ್ನೇ ಮೊದಲು ಆರಿಸಿಕೊಳ್ಳಿ.

ಮಾದರಿಗಾರ್ತಿ (ಬೆಂಗಳೂರು)

ಎಇಇ ಸರ್ ಹೇಳಿದ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾಳೆ ಬೆಳಿಗ್ಗೆ ರಾಜ್ಯದ ಹೊರೆ ಎಷ್ಟಿರುತ್ತದೆ ಎಂದು ಹೇಳಲು ಹಳೆಯ ಅಂಕಿಯಿಂದ ಕಲಿಯುವ ವಿಧಾನಗಳು ಸಾಕು. ಹತ್ತು ವರ್ಷದ ಮೇಲೆ ಒಂದು ತಾಲ್ಲೂಕಿಗೆ ಏನು ಬೇಕಾದೀತು ಎಂಬ ಪ್ರಶ್ನೆಯೇ ಬೇರೆ. ಅದಕ್ಕೆ ಬಳಕೆಯ ಕಡೆಯಿಂದ ಲೆಕ್ಕ ಕಟ್ಟುವ ಕ್ರಮವೇ ಸರಿ: ಜನರಿಗೆ ಯಾವ ಸೇವೆ ಬೇಕು, ಆ ಸೇವೆಯ ಒಂದು ಘಟಕಕ್ಕೆ ಎಷ್ಟು ಶಕ್ತಿ ಬೇಕು, ಯಂತ್ರ ಸುಧಾರಿಸಿದರೆ ಅದು ಎಷ್ಟು ಇಳಿಯುತ್ತದೆ.

ಈ ದಾರಿಯನ್ನು ನಮ್ಮ ರಾಜ್ಯದಲ್ಲೇ ಹಿಂದೆ ನಡೆದು ತೋರಿಸಿದ್ದಾರೆ. 1987ರಲ್ಲಿ ಕರ್ನಾಟಕಕ್ಕೆ ದೀರ್ಘಾವಧಿಯ ವಿದ್ಯುತ್ ಯೋಜನೆಯೊಂದು ಸಿದ್ಧವಾಯಿತು. 2000ದ ಇಸವಿಗೆ ಭಾರಿ ಸ್ಥಾವರಗಳು ಬೇಕೆಂದು ಅದು ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ಅದೇ ಅವಧಿಗೆ 'ಡಿಫೆಂಡಸ್' ಎಂಬ ಬೇರೆ ಲೆಕ್ಕ ಕಟ್ಟಿದರು. ಪಂಪ್‌ಸೆಟ್‌ಗಳ ದಕ್ಷತೆ ಹೆಚ್ಚಿಸಿದರೆ, ಸಾಮಾನ್ಯ ಬಲ್ಬಿನ ಬದಲು ಕಡಿಮೆ ವಿದ್ಯುತ್ ತಿನ್ನುವ ದೀಪ ಬಂದರೆ, ಸ್ನಾನದ ನೀರನ್ನು ಗೀಸರ್ ಬದಲು ಬಿಸಿಲಿನಿಂದ ಕಾಯಿಸಿದರೆ ಎಷ್ಟು ಉಳಿಯುತ್ತದೆ ಎಂದು ಒಂದೊಂದನ್ನೂ ಬಿಡಿಸಿ ನೋಡಿದರು. ವಿದ್ಯುತ್ ಇಲ್ಲದ ಮನೆಗಳಿಗೆಲ್ಲ ಸಂಪರ್ಕ ಕೊಡುವುದನ್ನೂ ಸೇರಿಸಿ ಅವರಿಗೆ ಬಂದ ಉತ್ತರ, ಸರ್ಕಾರಿ ಅಂದಾಜಿನ ಅರ್ಧಕ್ಕಿಂತ ಕಡಿಮೆಯಾಗಿತ್ತು. ಬೆಂಗಳೂರಿನ ಮಾಳಿಗೆಗಳ ಮೇಲಿನ ಸೋಲಾರ್ ವಾಟರ್ ಹೀಟರ್‌ಗಳನ್ನು ನೋಡಿದಾಗಲೆಲ್ಲ, ಆ ಲೆಕ್ಕದ ಒಂದು ಸಾಲಾದರೂ ನಿಜವಾಯಿತಲ್ಲ ಎಂದು ನನಗೆ ಸಂತೋಷವಾಗುತ್ತದೆ.

ತಂತ್ರಾಂಶದ ವಿಷಯಕ್ಕೆ ಬಂದರೆ, ಸ್ಟಾಕ್‌ಹೋಮ್ ಎನ್ವಿರಾನ್‌ಮೆಂಟ್ ಇನ್‌ಸ್ಟಿಟ್ಯೂಟ್‌ನವರ 'ಲೀಪ್' ಇದೇ ಕ್ರಮದ ಮೇಲೆ ನಿಂತಿದೆ. ವಿದ್ಯಾರ್ಥಿಗಳಿಗೆ ಅದು ಉಚಿತವಾಗಿ ಸಿಗುತ್ತದೆ. ಗಂಟೆಗಂಟೆಯ ಪೂರೈಕೆ, ಸೌರಶಕ್ತಿ, ಬ್ಯಾಟರಿ ಇವನ್ನು ಹೊಂದಿಸಿ ನೋಡಲು 'ಪೈಪ್ಸಾ' ಎಂಬ ಮುಕ್ತ ತಂತ್ರಾಂಶವಿದೆ. ನಕ್ಷೆಗೆ 'ಕ್ಯೂಜಿಐಎಸ್' ಸಾಕು. ಆದರೆ ಮೊದಲ ಎರಡು ತಿಂಗಳು ಎಕ್ಸೆಲ್ ಹಾಳೆಯಲ್ಲೇ ಕೆಲಸ ಮಾಡಿ ಎನ್ನುತ್ತೇನೆ. ಒಂದು ಉದಾಹರಣೆ: ಒಂದು ಫೀಡರ್‌ನಲ್ಲಿ 7.5 ಎಚ್‌ಪಿಯ, ಅಂದರೆ ಸುಮಾರು 5.6 ಕಿಲೋವಾಟ್‌ನ 400 ಮೋಟಾರುಗಳಿವೆ ಎಂದಿಟ್ಟುಕೊಳ್ಳಿ. ದಿನಕ್ಕೆ 7 ಗಂಟೆಯಂತೆ 200 ದಿನ ಓಡಿದರೆ ವರ್ಷಕ್ಕೆ 31 ಲಕ್ಷ ಯೂನಿಟ್ ದಾಟುತ್ತದೆ. 120 ದಿನವೇ ಓಡಿದರೆ 19 ಲಕ್ಷವೂ ಆಗದು. ಮೋಟಾರಿನ ಸಂಖ್ಯೆ ಬದಲಾಗಿಲ್ಲ, ಶಕ್ತಿ ಬದಲಾಗಿಲ್ಲ. ಓಡಿದ ದಿನಗಳಷ್ಟೇ ಬೇರೆ. ಆ ದಿನಗಳನ್ನು ತೀರ್ಮಾನಿಸುವುದು ಮಳೆ ಮತ್ತು ಬೆಳೆ.

ಆಳದ ಲೆಕ್ಕವನ್ನೂ ಮರೆಯಬೇಡಿ. ಒಂದು ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಭೌತಶಾಸ್ತ್ರದ ಪ್ರಕಾರ 0.27 ಯೂನಿಟ್ ಬೇಕು. ಮೋಟಾರು, ಪಂಪು, ಪೈಪುಗಳೆಲ್ಲ ಸೇರಿ ದಕ್ಷತೆ ಶೇ. 40 ಇದ್ದರೆ ಅದು 0.68 ಆಗುತ್ತದೆ. ನೀರು 300 ಮೀಟರ್‌ಗೆ ಇಳಿದರೆ ಅಷ್ಟೇ ನೀರಿಗೆ ಎರಡು ಯೂನಿಟ್ ಬೇಕು. ಅಂತರ್ಜಲದ ಮಟ್ಟವನ್ನು ಸೇರಿಸದ ಬೇಡಿಕೆಯ ಅಂದಾಜು ಬಯಲುಸೀಮೆಯಲ್ಲಿ ನಿಲ್ಲುವುದಿಲ್ಲ.

ಬೆಳೆ ತಿಳಿಯಲು ಉಪಗ್ರಹದ ನೆರವೂ ಇದೆ. ಸೆಂಟಿನೆಲ್-2 ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ ಉಚಿತವಾಗಿ ದೊರೆಯುತ್ತವೆ. ಮಾರ್ಚ್ ಕೊನೆಯ ಚಿತ್ರದಲ್ಲೂ ಹಸಿರಾಗಿರುವ ಜಮೀನು ಕೊಳವೆಬಾವಿಯ ನೀರು ಕುಡಿಯುತ್ತಿದೆ ಎಂದು ಹೇಳಬಹುದು.

ತೋಟದ ಮನೆ (ತಿಪಟೂರು ಕಡೆ)

ಮೇಡಂ, ಆ ಕೊನೆಯ ಮಾತನ್ನು ತಿದ್ದಬೇಕಾಗಿದೆ. ನಮ್ಮ ಕಡೆ ಮಾರ್ಚ್‌ನಲ್ಲಿ ಹಸಿರಾಗಿ ಕಾಣುವುದರಲ್ಲಿ ಹಳೆಯ ತೆಂಗಿನ ತೋಟಗಳೂ ಬಹಳಷ್ಟಿವೆ, ಅವುಗಳಲ್ಲಿ ಅನೇಕವು ಮಳೆಯನ್ನೇ ನಂಬಿಕೊಂಡಿವೆ. ಅಡಿಕೆ ಹಾಗಲ್ಲ. ಬೇಸಿಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದರೆ ಸೋಗೆ ಬಾಡಿ ಕೆಳಗೆ ಜೋಲುತ್ತದೆ, ಒಂದು ಬೇಸಿಗೆ ಪೂರ್ತಿ ನೀರಿಲ್ಲದಿದ್ದರೆ ಹತ್ತು ವರ್ಷದ ತೋಟ ಕೈಬಿಟ್ಟುಹೋಗುತ್ತದೆ. ಮಳೆ ನಂಬಿ ರಾಗಿ ಬಿತ್ತುತ್ತಿದ್ದ ಹೊಲಗಳಲ್ಲಿ ಅಡಿಕೆ ಬಂದಿರುವುದನ್ನು ನೀವು ಯಾವ ಹಳ್ಳಿಗೆ ಬಂದರೂ ನೋಡಬಹುದು. ವಿದ್ಯುತ್ ಬೇಡಿಕೆಯ ಮುಂದಿನ ಹತ್ತು ವರ್ಷವನ್ನು ಹೇಳುವ ಅಂಕಿ ಅದು. ಚಿತ್ರದಲ್ಲಿ ತೆಂಗನ್ನೂ ಅಡಿಕೆಯನ್ನೂ ಬೇರ್ಪಡಿಸಲು ಬೆಳೆ ಸಮೀಕ್ಷೆಯ ಸರ್ವೆ ನಂಬರುಗಳ ಜೊತೆ ಹೋಲಿಸಲೇಬೇಕು, ಅದರಲ್ಲೂ ಮಿಶ್ರ ತೋಟಗಳಿದ್ದರೆ ಸ್ಥಳಕ್ಕೆ ಹೋಗಿಯೇ ನೋಡಬೇಕು.

ಪಂಪ್‌ಸೆಟ್‌ಗಳ ಸಂಖ್ಯೆಯ ಬಗ್ಗೆಯೂ ಹೇಳುತ್ತೇನೆ. ಕೊಳವೆಬಾವಿ ಬತ್ತಿ ವರ್ಷಗಳಾದರೂ ಅದರ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ) ಪುಸ್ತಕದಲ್ಲಿ ಜೀವಂತವಾಗಿರುತ್ತದೆ. ಅದೇ ರೈತ ಇನ್ನೊಂದು ಮೂಲೆಯಲ್ಲಿ ಹೊಸದಾಗಿ ಕೊರೆಸಿ, ಇನ್ನೂ ಸಕ್ರಮವಾಗದ ಸಂಪರ್ಕದಿಂದ ಹೆಚ್ಚಿನ ಎಚ್‌ಪಿಯ ಮೋಟಾರು ಇಳಿಸಿರುತ್ತಾನೆ. ಪುಸ್ತಕದಲ್ಲಿ 5 ಎಚ್‌ಪಿ, ಬಾವಿಯೊಳಗೆ 10 ಎಚ್‌ಪಿ. ಇದನ್ನು ಯಾವ ಗಣಕವೂ ಕಚೇರಿಯಲ್ಲಿ ಕೂತು ಕಂಡುಹಿಡಿಯಲಾರದು; ನಮ್ಮ ಲೈನ್‌ಮನ್‌ಗೆ ಮಾತ್ರ ಎಲ್ಲವೂ ಗೊತ್ತು.

ಮೀಟರ್ ಎಂದ ಕೂಡಲೇ ರೈತರು ಹಿಂಜರಿಯುವುದೇಕೆ ಎಂಬುದನ್ನೂ ಈ ಚರ್ಚೆಯಲ್ಲಿರುವವರು ಅರ್ಥ ಮಾಡಿಕೊಳ್ಳಬೇಕು. ಇಂದು ಅಳತೆಗೆಂದು ಕೂರಿಸಿದ ಮೀಟರ್ ನಾಳೆ ಬಿಲ್ಲಿಗೆ ದಾರಿಯಾಗುತ್ತದೆ ಎಂಬ ಭಯ ನಮ್ಮಲ್ಲಿದೆ. ಟಿಸಿಗೆ ಮೀಟರ್ ಹಾಕಿ, ಹತ್ತು ಹದಿನೈದು ಜನರ ಬಳಕೆಯನ್ನು ಒಟ್ಟಾಗಿ ಅಳೆಯಿರಿ, ಆ ಅಂಕಿಯನ್ನು ಗ್ರಾಮಸಭೆಯಲ್ಲಿ ನಮಗೂ ತೋರಿಸಿ. ಆಗ ಯಾರೂ ವಿರೋಧಿಸುವುದಿಲ್ಲ ಎಂದೇ ನನ್ನ ನಂಬಿಕೆ. ನಮ್ಮಿಂದ ಪಡೆದ ಮಾಹಿತಿ ನಮಗೇ ಕಾಣದ ಕಡೆ ಹೋಗುತ್ತದೆ ಎಂಬುದೇ ನಮ್ಮ ದೊಡ್ಡ ದೂರು.

ಶಿರಸಿ ಸೀಮೆ

ಚರ್ಚೆ ಪೂರ್ತಿಯಾಗಿ ಪಂಪ್‌ಸೆಟ್‌ನ ಸುತ್ತಲೇ ನಡೆಯುತ್ತಿರುವುದರಿಂದ ಮಲೆನಾಡಿನ ಕಡೆಯಿಂದ ಎರಡು ವಿಷಯ ಸೇರಿಸಬೇಕೆನಿಸಿತು. ಪ್ರದೇಶವೊಂದರ ಶಕ್ತಿಯ ಯೋಜನೆ ಎಂದರೆ ವಿದ್ಯುತ್ ಯೋಜನೆ ಮಾತ್ರವಲ್ಲ. ಉತ್ತರ ಕನ್ನಡದ ಮನೆಗಳಲ್ಲಿ ಇಂದಿಗೂ ಬಚ್ಚಲ ಒಲೆಗೆ ಕಟ್ಟಿಗೆಯೇ ಬೇಕು. ಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಹಾಕಿ, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿದ ಗಟ್ಟಿ ರಸದಲ್ಲಿ) ಬೇಯಿಸಿ, ಅಟ್ಟದ ಮೇಲೆ ಒಣಗಿಸುವಾಗ ಉರಿಯುವ ಸೌದೆ ಯಾವ ಎಸ್ಕಾಂನ ಲೆಕ್ಕಕ್ಕೂ ಬರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒಯ್ಯಲೆಂದು ಆರಂಭವಾದ ಅಸ್ತ್ರ ಕೇಂದ್ರದವರು ಒಲೆಯ ಸುಧಾರಣೆಗೆ ಕೈಹಾಕಿದ್ದು, ಹಳ್ಳಿಯ ಶಕ್ತಿಯ ಬಳಕೆಯನ್ನು ಮನೆಮನೆಗೆ ಹೋಗಿ ಅಳೆದು ನೋಡಿದ ಮೇಲೆಯೇ. ನಿಮ್ಮ ವಿದ್ಯಾರ್ಥಿಗಳ ಹಾಳೆಯಲ್ಲಿ ಸೌದೆಗೂ ಗೋಬರ್ ಗ್ಯಾಸ್‌ಗೂ ಒಂದೊಂದು ಸಾಲು ಇರಲಿ, ಬಯಲುಸೀಮೆಯಲ್ಲಿ ಆ ಸಾಲು ಚಿಕ್ಕದಾದರೂ ಸರಿ.

ಎರಡನೆಯದು ನಮಗೆ ಹೆಚ್ಚು ನೋವಿನ ವಿಷಯ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು) ಬೇಕೆನ್ನುವಾಗ ಮುಂದಿಡುವ ಕಾರಣ, ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕು ಎಂಬುದು. ಆ ಜಾಗ ಸಿಂಗಳೀಕಗಳ ಅಭಯಾರಣ್ಯದ ನಡುವಿನ ಕಾಡು. ಸಂಜೆ ಆರರಿಂದ ಹತ್ತರವರೆಗೆ ರಾಜ್ಯದ ಯಾವ ಭಾಗಕ್ಕೆ ನಿಜವಾಗಿ ಎಷ್ಟು ವಿದ್ಯುತ್ ಬೇಕು, ಅದರಲ್ಲಿ ಎಷ್ಟನ್ನು ಹಗಲಿಗೆ ಸರಿಸಬಹುದು, ಎಷ್ಟಕ್ಕೆ ಸಬ್‌ಸ್ಟೇಷನ್‌ನಲ್ಲೇ ಬ್ಯಾಟರಿ ಸಾಕು ಎಂಬ ಲೆಕ್ಕ ತಾಲ್ಲೂಕುವಾರು ಸಾರ್ವಜನಿಕರ ಮುಂದಿದ್ದರೆ ನಾವು ಅದನ್ನೇ ಹಿಡಿದು ವಾದ ಮಾಡಬಹುದಿತ್ತು. ಈಗ ರಾಜ್ಯಕ್ಕೆಲ್ಲ ಸೇರಿದ ಒಂದೇ ಒಟ್ಟು ಅಂಕಿಯನ್ನು ನಮ್ಮ ಮುಂದಿಡುತ್ತಾರೆ, ನಾವು ಕಾಡನ್ನು ತೋರಿಸುತ್ತೇವೆ, ಮಾತು ಮುಂದೆ ಹೋಗುವುದಿಲ್ಲ.

ನಿವೃತ್ತ ಎಇಇ

ಶಿರಸಿ ಸೀಮೆ ಅವರ ಕಳಕಳಿಯನ್ನು ಗೌರವಿಸುತ್ತಲೇ ಒಂದು ಮಾತು. ಪಾವಗಡದ ಸೌರ ಪಾರ್ಕಿನ 2,050 ಮೆಗಾವಾಟ್ ಸಂಜೆ ಏಳಕ್ಕೆ ಸೊನ್ನೆಯಾಗುತ್ತದೆ ಎಂಬುದು ರಾಜ್ಯದ ಪೂರೈಕೆಯನ್ನೂ ಬೇಡಿಕೆಯನ್ನೂ ಹೊಂದಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತವರಿಗೆ ದಿನನಿತ್ಯದ ಒತ್ತಡ. ಲಿಂಗನಮಕ್ಕಿಯ ನೀರನ್ನು ಜೋಪಾನ ಮಾಡಿ ಸಂಜೆಗೆ ಬಳಸುವುದಕ್ಕೂ ಒಂದು ಮಿತಿಯಿದೆ, ಬರದ ವರ್ಷವಂತೂ ಆ ನೀರೂ ಇರುವುದಿಲ್ಲ. ಯಾವುದಾದರೊಂದು ರೂಪದ ಸಂಗ್ರಹ ಬೇಕೇ ಬೇಕು. ಎಲ್ಲಿ, ಎಷ್ಟು, ಯಾವ ಬೆಲೆಗೆ ಎಂಬುದನ್ನು ತಾಲ್ಲೂಕುವಾರು ಲೆಕ್ಕವಿಲ್ಲದೆ ತೀರ್ಮಾನಿಸಬಾರದು ಎಂಬಲ್ಲಿ ಮಾತ್ರ ನಾನು ನಿಮ್ಮ ಪರ.

ನೀರಾವರಿ ಹೊರೆಯನ್ನು ಹಗಲಿಗೆ ಸರಿಸುವ ಕೆಲಸ ಈಗಾಗಲೇ ನಡೆದಿದೆ. ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ ಹಗಲಿನಲ್ಲೇ ದಾಖಲಾಗುತ್ತಿದೆ. 2024ರ ಏಪ್ರಿಲ್‌ನಲ್ಲಿ ಅದು 17,220 ಮೆಗಾವಾಟ್ ಮುಟ್ಟಿತು. ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಸಿ ಘಟಕದಡಿ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ ಸೌರ ಸ್ಥಾವರ ಹಾಕಿ ನೀರಾವರಿ ಫೀಡರ್‌ಗಳಿಗೆ ಕೊಟ್ಟರೆ ದೂರದಿಂದ ತರುವ ಲೈನ್ ನಷ್ಟ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ಸ್ಟಾರ್ಟರ್ ಹತ್ತಿರ ಹೋಗುವ ಕಷ್ಟ ರೈತರಿಗೆ ತಪ್ಪುತ್ತದೆ. ಅದೊಂದೇ ಕಾರಣಕ್ಕಾದರೂ ಇದು ಆಗಬೇಕು.

ಮಾದರಿಗಾರ್ತಿ (ಬೆಂಗಳೂರು)

ಸರ್, ಅಲ್ಲೊಂದು ಅಪಾಯವಿದೆ. ಹಗಲು ಹೊತ್ತು ಪೂರ್ತಿ ವಿದ್ಯುತ್ ಸಿಕ್ಕಿ, ಬೆಲೆಯೂ ಇಲ್ಲದಿದ್ದರೆ ಪಂಪು ನಿಲ್ಲಿಸುವುದಕ್ಕೆ ಕಾರಣವೇ ಇರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ತಾಲ್ಲೂಕುಗಳಲ್ಲಿ ಅಂತರ್ಜಲ ಆಗಲೇ ಮಿತಿ ಮೀರಿ ಬಳಕೆಯಾಗಿದೆ. ವಿದ್ಯುತ್ ಹಸಿರಾಯಿತೆಂದು ಸಂಭ್ರಮಿಸುವ ಹೊತ್ತಿಗೆ ಬಾವಿ ಬತ್ತಿರುತ್ತದೆ. ಆದ್ದರಿಂದ ಮಾದರಿಯಲ್ಲಿ ನೀರನ್ನು ಒಂದು ಮಿತಿಯಾಗಿ ಸೇರಿಸಲೇಬೇಕು: ವರ್ಷಕ್ಕೆ ಇಂಗುವ ನೀರಿಗಿಂತ ಹೆಚ್ಚು ಎತ್ತುವ ಸನ್ನಿವೇಶವನ್ನು, ಅದರ ವಿದ್ಯುತ್ ಎಲ್ಲಿಂದಲೇ ಬರಲಿ, ಸುಸ್ಥಿರವೆಂದು ಕರೆಯಕೂಡದು. ತೆಂಗಿನ ತೋಟಗಳ ವಿಷಯದಲ್ಲಿ ತೋಟದ ಮನೆ ಅವರು ಹೇಳಿದ್ದು ಸರಿ. ಉಪಗ್ರಹದ ಚಿತ್ರವನ್ನು ಬೆಳೆ ಸಮೀಕ್ಷೆಯೊಂದಿಗೆ ಹೊಂದಿಸಿಯೇ ಓದಬೇಕು.

ಕರಾವಳಿ ಕೆಲಸಗಾರ (ಉಡುಪಿ)

ನಮ್ಮಲ್ಲಿ ಚಿತ್ರವೇ ಬೇರೆ. ಏಪ್ರಿಲ್, ಮೇ ತಿಂಗಳ ಸೆಕೆಗೆ ಮನೆಮನೆಯಲ್ಲೂ ಎಸಿ, ಬಂದರಿನ ಕಡೆ ಐಸ್ ಪ್ಲಾಂಟ್‌ಗಳು, ಗೇರುಬೀಜದ ಕಾರ್ಖಾನೆಗಳು. ಜೂನ್ ಹಿಡಿದರೆ ಹೊರೆ ಇಳಿಯುತ್ತದೆ, ಆದರೆ ಗಾಳಿಮಳೆಗೆ ಕಂಬ ಬಿದ್ದು ಕರೆಂಟ್ ಹೋಗಿರುತ್ತದೆ. ಆ ಅಂಕಿಯನ್ನೂ ಬೇಡಿಕೆ ಇಳಿದದ್ದೆಂದು ಓದಬಾರದು. ಎಇಇ ಅವರು ಹೇಳಿದ ಕಡಿತದ ಕಾಲಂ ನಮಗೂ ಬೇಕು. ಬಯಲುಸೀಮೆಗೆ ಕಟ್ಟಿದ ಮಾದರಿಯನ್ನು ಇಲ್ಲಿಗೆ ತಂದರೆ ಒಂದು ಸಾಲೂ ಹೊಂದದು.

ಬಯಲುಸೀಮೆ (ತುಮಕೂರು ಜಿಲ್ಲೆ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ತಂತ್ರಾಂಶಕ್ಕಿಂತ ಮೊದಲು ಒಂದು ಬೇರ್ಪಟ್ಟ ಫೀಡರ್ ಹಿಡಿಯುವುದೆಂದು ತೀರ್ಮಾನಿಸಿದ್ದೇವೆ. ಅದರ ಒಂದು ವರ್ಷದ ಗಂಟೆವಾರು ಅಂಕಿ, ಕಡಿತದ ವಿವರ, ಟಿಸಿವಾರು ಪಂಪ್‌ಸೆಟ್‌ಗಳ ಪಟ್ಟಿ ಕೋರಿ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುತ್ತೇವೆ. ವಿದ್ಯಾರ್ಥಿಗಳು ಲೈನ್‌ಮನ್ ಜೊತೆ ತಿರುಗಿ ಬತ್ತಿದ ಬಾವಿ, ಓಡುತ್ತಿರುವ ಮೋಟಾರು, ಅದರ ನಿಜವಾದ ಎಚ್‌ಪಿ, ಬೆಳೆ ಇವನ್ನು ಗುರುತು ಹಾಕಿಕೊಳ್ಳುತ್ತಾರೆ. ರೈತರ ಹೆಸರಾಗಲಿ ಆರ್‌ಆರ್ ನಂಬರಾಗಲಿ ಪ್ರಕಟವಾಗುವ ಹಾಳೆಯಲ್ಲಿ ಇರುವುದಿಲ್ಲ, ಟಿಸಿಯ ಒಟ್ಟು ಮೊತ್ತ ಮಾತ್ರ ಇರುತ್ತದೆ. ಪಂಚಾಯಿತಿಯ ಕುಡಿಯುವ ನೀರಿನ ಪಂಪುಗಳಿಗೂ ಬೀದಿದೀಪಗಳಿಗೂ ಬಿಲ್ಲುಗಳಿರುವುದರಿಂದ ಅವನ್ನು ಕಾರ್ಯದರ್ಶಿಯವರಿಂದ ಪಡೆಯುವುದು ಸುಲಭ. ಬರದ ವರ್ಷವನ್ನು ಮಾದರಿಯಲ್ಲಿ ಹೇಗೆ ತರಬೇಕು ಎಂಬುದೊಂದೇ ಈಗ ಉಳಿದಿರುವ ಗೊಂದಲ. ಸರಾಸರಿ ಮಳೆ ಹಿಡಿದರೆ 2023 ಮಾಯವಾಗಿಬಿಡುತ್ತದೆ.

ಮಾದರಿಗಾರ್ತಿ (ಬೆಂಗಳೂರು)

ಸರಾಸರಿ ಹಿಡಿಯಲೇಬೇಡಿ. ಮೂರು ಸನ್ನಿವೇಶಗಳನ್ನು ಬೇರೆ ಬೇರೆಯಾಗಿ ಕಟ್ಟಿ: ಒಳ್ಳೆಯ ಮಳೆಯ ವರ್ಷ, ಮಳೆ ತಡವಾದ ವರ್ಷ, 2023ರಂಥ ವರ್ಷ. ಮಳೆಮಾಪಕದ ದಿನವಾರು ಅಂಕಿಯಿಂದ, ಸತತವಾಗಿ ಹತ್ತು ದಿನ ಮಳೆಯಾಗದ ಅವಧಿಗಳನ್ನು ಗುರುತಿಸಿ, ಆ ದಿನಗಳಲ್ಲಿ ನಿಮ್ಮ ಫೀಡರ್ ಹೇಗೆ ವರ್ತಿಸಿತು ಎಂದು ನೋಡಿ. ತ್ರೀ ಫೇಸ್ ಕೊಟ್ಟ ಅವಧಿಯನ್ನು ಮಾತ್ರ ಹೋಲಿಸಿ, ಕಡಿತವಾದ ಗಂಟೆಗಳನ್ನು ಬಿಟ್ಟುಬಿಡಿ. ಬರದ ವರ್ಷದಲ್ಲಿ ಮೊದಮೊದಲು ಬಳಕೆ ಏರಿ, ಬಾವಿಗಳು ಬತ್ತತೊಡಗಿದ ಮೇಲೆ ಅದೇ ಬಳಕೆ ಇಳಿಯಬಹುದು. ಆ ಇಳಿಕೆ ನಿಮ್ಮ ಫೀಡರ್‌ನಲ್ಲಿ ಯಾವ ತಿಂಗಳಲ್ಲಿ ಕಂಡಿತು, ಆಗ ಎಷ್ಟು ಮೋಟಾರುಗಳು ನಿಂತಿದ್ದವು ಎಂಬುದನ್ನು ಲೈನ್‌ಮನ್ ಅವರಿಂದಲೂ ರೈತರಿಂದಲೂ ಕೇಳಿ ಬರೆದುಕೊಳ್ಳಿ. ಅಂಕಿ ಸಿಕ್ಕ ಮೇಲೆ ಟಿಸಿಯ ಮೊತ್ತಗಳಿರುವ ಹಾಳೆಯನ್ನು ಇಲ್ಲಿಯೇ ಹಂಚಿಕೊಂಡರೆ ಲೀಪ್‌ಗೆ ಅದನ್ನು ಜೋಡಿಸುವ ಕೆಲಸದಲ್ಲಿ ನಾನು ನಿಮ್ಮ ವಿದ್ಯಾರ್ಥಿಗಳೊಂದಿಗೆ ಕೂರುತ್ತೇನೆ.